ಡೆಂಕಾಲಿ, ವಯಾ ಇಂಡಿ ರೋಡ್

ಇಂಡಿ ರೋಡ್ ಸ್ಟೇಷನ್ನಿನಲ್ಲಿ ಇಳಿದವರಿಗೆ ಇಂಡಿ ಕಾಣುವುದಿಲ್ಲ. ಸ್ಟೇಷನ್ ಒಂದು ಕಡೆ, ಊರು ಇನ್ನೊಂದು ಕಡೆ. ನಡುವೆ ಜೋಳದ ಹೊಲ, ಲಿಂಬೆಯ ತೋಟ, ಟಂಟಂನವನ ಅವಸರ. ಸೊಲ್ಲಾಪುರದಿಂದ ಗದಗಿನ ಕಡೆ ಹೋಗುವ ಹಳಿಯ ಮೇಲಿನ ಈ ಸಣ್ಣ ನಿಲ್ದಾಣವನ್ನು ನಾನು ನಮ್ಮ ವಿಜಯಪುರ ಜಿಲ್ಲೆಗೆ ಸೂಪರ್‌ಹೀರೋಗಳು ಕಾಲಿಟ್ಟ ಬಾಗಿಲು ಅಂತಲೇ ತಿಳಿದಿದ್ದೇನೆ. ಮೀಟರ್ ಗೇಜಿನ ಕಾಲದಲ್ಲಿ ಸೊಲ್ಲಾಪುರಕ್ಕೆ ಸಂತೆಗೋ ದವಾಖಾನೆಗೋ ಹೋಗಿ ಬಂದವರ ಚೀಲದಲ್ಲಿ ಚಾದರಿನ ಸಂಗಡ ಒಂದು ಕಾಮಿಕ್ಸೂ ಇರುತ್ತಿತ್ತು. ಮರಾಠಿಯದೋ ಹಿಂದಿಯದೋ. ಅವುಗಳಲ್ಲಿ ಫ್ಯಾಂಟಮ್‌ನ ಹೆಸರು ವೇತಾಳ. ಅಕ್ಷರ ಬಾರದಿದ್ದರೂ ಚಿತ್ರ ಬರುತ್ತಿತ್ತಲ್ಲ, ಹುಡುಗರಿಗೆ ಅಷ್ಟೇ ಸಾಕಿತ್ತು.

ಈ ಸಲ ನಾನು ಹೊರಟದ್ದು ಇಂಡಿ, ಸಿಂದಗಿ, ಬಸವನಬಾಗೇವಾಡಿ, ಮುದ್ದೇಬಿಹಾಳದ ರದ್ದಿ ಅಂಗಡಿ, ಅಟ್ಟ, ಟ್ರಂಕು ಜಾಲಾಡಿ ಕನ್ನಡದ ಹಳೇ ಕಾಮಿಕ್ಸು ಹುಡುಕಲಿಕ್ಕೆ. ಮನೆಯಲ್ಲಿ 'ಬಾಗೇವಾಡಿ ಬಸವಣ್ಣನ ದರ್ಶನ ಮಾಡಿಕೊಂಡು ಬರುತ್ತೇನೆ' ಅಂದಿದ್ದೆ. ಅದೇನೂ ಸುಳ್ಳಲ್ಲ.

ಇಂಡಿಯ ರದ್ದಿ ಅಂಗಡಿಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎಂಥಾ ಪುಸ್ತಕ ಬೇಕ್ರೀ ಸರ?"

"ಚಿತ್ರದ ಪುಸ್ತಕ ಏನರ ಬಂದಾವೇನ್ರೀ?"

"ಒಂದನೇ ಇಯತ್ತೇದವೇನ್ರೀ?"

"ಅಲ್ರೀ. ಫ್ಯಾಂಟಮ್, ಮಾಂಡ್ರೇಕ್ ಬರತಿದ್ವಲ್ಲ, ಆ ಪುಸ್ತಕ."

"ಓ, ಮುಸುಗ ಹಾಕ್ಕೊಂಡಾಂವಾ! ಭಾಳ ವರ್ಷ ಆತ್ರಿ, ಅಂವ ಈ ಕಡೆ ಬಂದಿಲ್ಲ."

ಊರು ಬಿಟ್ಟು ಪುಣೆಗೆ ದುಡಿಯಲು ಹೋದ ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿ, ಒಳಗಿನ ಗೋಣಿಚೀಲ ತೋರಿಸಿದರು. ಕೂತೆ. ಪರೀಕ್ಷೆಯ ಗೈಡು, ಪಂಚಾಂಗ, ಗೊಬ್ಬರದ ಕಂಪನಿಯ ಕ್ಯಾಲೆಂಡರು, ಮದುವೆಯ ಲಗ್ನಪತ್ರಿಕೆ. ಹಳೇ ಕಾಮಿಕ್ಸು ಹುಡುಕುವವರಿಗೆ ಕಣ್ಣಿಗಿಂತ ಬೆರಳು ಮುಖ್ಯ. ಕಾಮಿಕ್ಸಿನ ಕಾಗದ ಪಠ್ಯಪುಸ್ತಕದ್ದಕ್ಕಿಂತ ಒರಟು, ಬೆನ್ನಿಗೆ ಎರಡು ಪಿನ್ನು, ಪಿನ್ನಿಗೆ ತುಕ್ಕು. ತುಕ್ಕು ಕಾಗದಕ್ಕೆ ಹತ್ತಿ ನಡುವಿನ ಹಾಳೆ ಮೊದಲು ಕಳಚುತ್ತದೆ. ಸಂಗ್ರಹಕಾರರು ಪುಸ್ತಕ ಕೈಗೆ ಬಂದ ಕೂಡಲೇ ಮುಖಪುಟ ನೋಡುವುದಿಲ್ಲ, ಮಧ್ಯದ ಹಾಳೆ ಇದೆಯೋ ಇಲ್ಲವೋ ನೋಡುತ್ತಾರೆ. ಆಮೇಲೆ ಹಿಂಬದಿಯ ಜಾಹೀರಾತಿನ ಕೂಪನ್ನು ಯಾವನಾದರೂ ಕತ್ತರಿಸಿದ್ದಾನೆಯೇ ಎಂದು. ಕತ್ತರಿಸಿದ್ದರೆ ಅದರ ಹಿಂದಿನ ಪುಟದಲ್ಲಿ ಖಳನಾಯಕನ ತಲೆ ಹೋಗಿರುತ್ತದೆ.

ಚೀಲದ ತಳದಲ್ಲಿ ಒಂದು ಸಿಕ್ಕಿತು. ಮುಖಪುಟ ಇಲ್ಲ, ಮೊದಲ ಹಾಳೆ ಇಲ್ಲ. ಆದರೆ ಗುಳ್ಳೆಯೊಳಗಿನ ಮಾತು ಕನ್ನಡ! ಬಿಳಿ ಕುದುರೆ, ಪಕ್ಕದಲ್ಲಿ ತೋಳ, ಮುಷ್ಟಿಯಲ್ಲಿ ತಲೆಬುರುಡೆಯ ಉಂಗುರ. ಎದೆ ಹೊಡೆದುಕೊಂಡಿತು. ಅಂಗಡಿಯವರು ಅದನ್ನು ಮಿಕ್ಕ ಕಾಗದದ ಮೇಲಿಟ್ಟು ತಕ್ಕಡಿಯಲ್ಲಿ ತೂಗಿದರು. 1938ರಲ್ಲಿ ಹತ್ತು ಸೆಂಟಿಗೆ ಮಾರಾಟವಾದ, ಸೂಪರ್‌ಮ್ಯಾನ್ ಮೊದಲ ಬಾರಿ ಕಾಣಿಸಿಕೊಂಡ 'ಆಕ್ಷನ್ ಕಾಮಿಕ್ಸ್' ಒಂದನೇ ಸಂಚಿಕೆಯ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ನಮ್ಮ ದುಡ್ಡಿನಲ್ಲಿ ಸುಮಾರು 50 ಕೋಟಿ. ಇಂಡಿಯಲ್ಲಿ ಅದರ ಬಂಧು ಕಿಲೋ ಲೆಕ್ಕ. ಬೇಜಾರು ಮಾಡಿಕೊಳ್ಳಲಿಲ್ಲ. ತಕ್ಕಡಿ ಇನ್ನೂ ಇದೆ ಅಂದರೆ ಪುಸ್ತಕ ಇನ್ನೂ ಬರುತ್ತಿದೆ ಅಂತ ಅರ್ಥ.

ಆ ಹರಿದ ಪುಸ್ತಕದ ಹಿಂದೆ ದೊಡ್ಡ ಕತೆಯಿದೆ. ಟೈಮ್ಸ್ ಆಫ್ ಇಂಡಿಯಾದವರು ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದ್ದು 1964ರ ಮಾರ್ಚ್‌ನಲ್ಲಿ, ಇಂಗ್ಲಿಷಿನಲ್ಲಿ, ಫ್ಯಾಂಟಮ್ ಕತೆಯಿಂದಲೇ. ಬಿ. ಗೋವಿಂದ್ ಬಣ್ಣ ಹಾಕಿ ಬರೆದ ಅದರ ಮುಖಪುಟಗಳಿಗೆ ಇವತ್ತಿಗೂ ಭಕ್ತರಿದ್ದಾರೆ. ಆಮೇಲೆ ಹಿಂದಿ, ಮರಾಠಿ, ಬಂಗಾಳಿ, ಕನ್ನಡ ಹೀಗೆ ಹಲವು ಭಾಷೆಗೆ ಅದು ಹೋಯಿತು. 1990ರಲ್ಲಿ ಅಂಗಡಿ ಮುಚ್ಚುವ ಹೊತ್ತಿಗೆ ಎಂಟುನೂರಕ್ಕೂ ಹೆಚ್ಚು ಸಂಚಿಕೆ ಬಂದಿದ್ದವು. ಫ್ಯಾಂಟಮ್‌ನನ್ನು ಹುಟ್ಟಿಸಿದ ಲೀ ಫಾಕ್‌ನ ಮೂಲ ಕತೆಯಲ್ಲಿ ಅವನ ನಾಡಿಗೆ ಬಂಗಾಳದ ವಾಸನೆಯ ಹೆಸರಿತ್ತು, ಕಡಲ್ಗಳ್ಳರಿಗೆ ಸಿಂಗ್ ಎಂಬ ಹೆಸರಿತ್ತು. ನಮ್ಮವರಿಗೆ ನೋವಾದೀತೆಂದು ಇಂದ್ರಜಾಲದವರು ನಾಡನ್ನು ಡೆಂಕಾಲಿ ಮಾಡಿದರು, ಕಳ್ಳರನ್ನು ಸಿಂಗಾ ಮಾಡಿದರು. ಭೂಪಟದಲ್ಲಿ ಎಲ್ಲೂ ಇಲ್ಲದ ಆ ಡೆಂಕಾಲಿ ನಮ್ಮ ಕಡೆಯ ಎಷ್ಟೋ ಹುಡುಗರಿಗೆ ಬೆಂಗಳೂರಿಗಿಂತ ಮೊದಲು ಗೊತ್ತಾದ ಊರು.

ಇನ್ನೊಂದು ಸಂಗತಿ ಹೇಳಿದರೆ ಬೆಂಗಳೂರಿನವರೇ ನಂಬುವುದಿಲ್ಲ. ಇಡೀ ದೇಶ ಓದಿದ ಅಮರ ಚಿತ್ರಕಥೆ ಮೊದಲು ಹುಟ್ಟಿದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್ ಆ ಯೋಜನೆ ಹಾಕಿದರು. ಮೊದಲ ಹತ್ತೂ ಪರದೇಶದ ಕತೆ: ಸಿಂಡ್ರೆಲಾ, ಅಲ್ಲಾವುದ್ದೀನ ಮುಂತಾದವು. ಅವು ಚೆನ್ನಾಗಿ ಮಾರಾಟವಾದ ಮೇಲೆ ಮುಂಬಯಿಯ ಮುಖ್ಯ ಕಚೇರಿಯವರು ಇತರ ಭಾಷೆಗೆ ಕೈಹಾಕಿದರು. ನಮ್ಮ ಕಾರ್ಕಳದ ಅನಂತ ಪೈ ಸಂಪಾದಿಸಿದ 'ಕೃಷ್ಣ' ಬಂತು. ಇಂಗ್ಲಿಷಿನ ಸರಣಿ 11ನೇ ಸಂಖ್ಯೆಯಿಂದ ಶುರುವಾಗುವುದು ಇದೇ ಕಾರಣಕ್ಕೆ. ಹಿಂದಿನ ಹತ್ತು ಕನ್ನಡದ ಪಾಲು. ಇಂಥ ನೆಲದಲ್ಲಿ ಇವತ್ತು ಕನ್ನಡದ ಸೂಪರ್‌ಹೀರೋ ಪುಸ್ತಕ ಕೇಳಿದರೆ ಒಂದನೇ ಇಯತ್ತೆಯ ಪಾಠದ ಪುಸ್ತಕ ತೆಗೆದು ಕೊಡುತ್ತಾರೆ!

ಹಾಗೆ ನೋಡಿದರೆ ಇಂಡಿ ಸಂಗ್ರಹಕಾರರ ತಾಲೂಕು. ಈಗ ಚಡಚಣ ತಾಲೂಕಿಗೆ ಸೇರಿರುವ ಹಲಸಂಗಿ ಆಗ ಇಂಡಿಯದೇ. ಭೀಮಾ ಸೀಮೆಯ ಆ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಗೆಳೆಯರ ಗುಂಪು ಕಟ್ಟಿ ಬೀಸುವ ಕಲ್ಲಿನ ಮುಂದೆ ಕೂತು ಹೆಣ್ಣುಮಕ್ಕಳ ಹಾಡು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಅಚ್ಚಾಯಿತು. ಅದಕ್ಕೂ ಸಾವಿರ ವರ್ಷ ಹಿಂದೆ, 945ರ ಶಾಸನದ ಪ್ರಕಾರ, ಇದೇ ತಾಲೂಕಿನ ಸಾಲೋಟಗಿಯಲ್ಲಿ ದೂರದೂರದಿಂದ ಓದಲು ಬಂದ ಹುಡುಗರಿಗಾಗಿ 27 ಮನೆಗಳಿದ್ದವು. ಓದುವವರಿಗೂ ಕೂಡಿಡುವವರಿಗೂ ಇಲ್ಲಿ ಬರವಿರಲಿಲ್ಲ. ಚಿತ್ರದ ಪುಸ್ತಕವನ್ನು ಓದು ಅಂತ ಒಪ್ಪಿಕೊಳ್ಳುವವರಿಗೆ ಮಾತ್ರ ಬರ.

ಇಂಡಿಯಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ವಯಸ್ಸಿನಲ್ಲಿ ನನ್ನ ಮಗನಂಥವನು, ಕಾಮಿಕ್ಸಿನ ಜ್ಞಾನದಲ್ಲಿ ನನ್ನ ಗುರು. ಅವನ ಓದೆಲ್ಲ ಮೊಬೈಲಿನಲ್ಲಿ, ಭಕ್ತಿಯೆಲ್ಲ ಸ್ಪೈಡರ್‌ಮ್ಯಾನ್‌ನಲ್ಲಿ. 2004ರ ಕೊನೆಗೆ ಬಂದ ಭಾರತದ ಸ್ಪೈಡರ್‌ಮ್ಯಾನ್, ಪವಿತ್ರ ಪ್ರಭಾಕರ, ಧೋತಿ ಉಟ್ಟು ಗೋಡೆ ಹತ್ತುವವನು. ಅವನನ್ನು ಬರೆದ ಚಿತ್ರಕಾರ ಜೀವನ್ ಕಾಂಗ್. ಆ ಪವಿತ್ರನೇ 2023ರಲ್ಲಿ ಹಾಲಿವುಡ್ ಸಿನಿಮಾದೊಳಗೆ ಬಂದ, ಆ ಸಿನಿಮಾ ಕನ್ನಡಕ್ಕೂ ಡಬ್ ಆಯಿತು. ಹುಡುಗ ಕನ್ನಡದಲ್ಲಿ ಮಾತಾಡಿದ ಸ್ಪೈಡರ್‌ಮ್ಯಾನ್‌ನನ್ನು ನೋಡಿ ಹುಚ್ಚೆದ್ದು, ಬೆಂಗಳೂರಿನ ಕಾಮಿಕ್ ಕಾನ್‌ಗೆ ವೇಷ ಹಾಕಿಯೇ ಹೋಗುವುದೆಂದು ತೀರ್ಮಾನ ಮಾಡಿದ. ಕೆಂಪು, ನೀಲಿ ಬಟ್ಟೆ ಹರಿಸಿಕೊಂಡು ಬಜಾರದ ಟೇಲರ್ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ.

ಟೇಲರ್ ಮೊಬೈಲಿನ ಚಿತ್ರವನ್ನು ಕನ್ನಡಕ ಏರಿಸಿ ನೋಡಿದರು. "ಇದ್ಯಾವ ಹಗಲಾವೇಷಪಾ?"

"ಹಗಲಾವೇಷ ಅಲ್ಲ ಕಾಕಾ, ಸ್ಪೈಡರ್‌ಮ್ಯಾನ್."

"ಮಾರೀನೂ ಮುಚ್ಚಿ ಹೊಲೀಬೇಕಾ?"

"ಹೂಂ ಕಾಕಾ."

"ಮತ್ತ ಉಣ್ಣಾಂವ ಹೆಂಗೋ?"

ನಕ್ಕೆ, ಆದರೆ ಟೇಲರ್ ಕಾಕಾನ ಮಾತು ತಲೆಯಿಂದ ಹೋಗಲಿಲ್ಲ. ಹಗಲುವೇಷದವರನ್ನು ಕಂಡವರಿಗೆ ಕಾಮಿಕ್ ಕಾನಿನ ವೇಷಧಾರಿಗಳು ಹೊಸಬರಲ್ಲ. ಹಗಲುವೇಷದವರು ಸುಗ್ಗಿ ಮುಗಿದ ಮೇಲೆ ಊರಿಗೆ ಬಂದು ಬಿಡಾರ ಹೂಡಿ, ದಿನಕ್ಕೊಂದು ವೇಷ ಹಾಕಿ, ಹಾರ್ಮೋನಿಯಂ ತಬಲದೊಂದಿಗೆ ಓಣಿ ಓಣಿ ಸುತ್ತಿ, ಕೊನೆಯ ದಿನ ಕಾಳು, ಕಾಸು ಕೇಳುತ್ತಿದ್ದರು. ರಾತ್ರಿಯ ಬಯಲಾಟದ ರಾವಣನಿಗೆ ದೂರದ ರಂಗ, ಗ್ಯಾಸ್ ಲೈಟಿನ ಮರೆ. ಹಗಲುವೇಷದ ರಾವಣ ಕಡು ಬಿಸಿಲಲ್ಲಿ ನಮ್ಮ ಮನೆಯ ಕಟ್ಟೆಗೇ ಬರುತ್ತಿದ್ದ. ಬೆವರಿಗೆ ಬಣ್ಣ ಇಳಿದು ಕೊರಳ ಮೇಲೆ ಹರಿದಿದ್ದು ಕಾಣುತ್ತಿತ್ತು. ಆದರೂ ಹೆದರುತ್ತಿದ್ದೆವು. ಹತ್ತಿರದಿಂದ ನೋಡಿಯೂ ನಂಬುವುದಿದೆಯಲ್ಲ, ವೇಷ ಹಾಕುವವರೂ ನೋಡುವವರೂ ಕೂಡಿ ಮಾಡಿಕೊಂಡ ಒಪ್ಪಂದ ಅದು.

ಆ ಒಪ್ಪಂದವನ್ನು ಮತ್ತೆ ಕಂಡದ್ದು ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ. ಗೋಳಗುಮ್ಮಟ ಎಕ್ಸ್‌ಪ್ರೆಸ್ಸನ್ನು ಇಂಡಿ ರೋಡಿನಲ್ಲಿ ಸಂಜೆಮುಂದೆ ಹಿಡಿದರೆ ಬೆಳಗಾಗುವುದರೊಳಗೆ ಬೆಂಗಳೂರು. ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ಹುಡುಗನ ಚೀಲದಲ್ಲಿ ಟೇಲರ್ ಕಾಕಾ ಹೊಲಿದ ಸ್ಪೈಡರ್‌ಮ್ಯಾನ್. 2011ರಲ್ಲಿ ದೆಹಲಿಯ ದಿಲ್ಲಿ ಹಾಟ್‌ನಲ್ಲಿ ಶುರುವಾದ ಕಾಮಿಕ್ ಕಾನ್, 2012ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೋರಮಂಗಲ ಒಳಾಂಗಣ ಕ್ರೀಡಾಂಗಣಕ್ಕೆ ಬಂದಿತ್ತು. ಈಗ ಅದಕ್ಕೆ ವೈಟ್‌ಫೀಲ್ಡಿನ ಕೆಟಿಪಿಒದಷ್ಟು ದೊಡ್ಡ ಅಂಗಳ ಬೇಕು. ಒಳಗೆ ಕಾಲಿಟ್ಟರೆ ಕಣ್ಣು ಎಲ್ಲಿಡಬೇಕೋ ತಿಳಿಯುವುದಿಲ್ಲ. ರಟ್ಟಿನ ರೆಕ್ಕೆ, ಫೋಮಿನ ಕತ್ತಿ, ಬಣ್ಣ ಹೊಡೆದ ಹೆಲ್ಮೆಟ್ಟು. ಜಪಾನಿನ ಕತೆಯ ಸಮುರಾಯಿ ಒಬ್ಬ ನೆಲದ ಮೇಲೆ ಕೂತು ಮೊಸರನ್ನ ಉಣ್ಣುತ್ತಿದ್ದ. ಬ್ಯಾಟ್‌ಮ್ಯಾನ್ ತನ್ನ ಅಪ್ಪನಿಗೆ ಫೋನ್ ಮಾಡಿ ಗೇಟಿನ ನಂಬರು ಹೇಳುತ್ತಿದ್ದ. ನಮ್ಮ ಇಂಡಿಯ ಸ್ಪೈಡರ್‌ಮ್ಯಾನ್ ಮುಸುಗು ಹಾಕಿದ್ದೇ ತಡ, ಗುರುತಿಲ್ಲದ ಮಕ್ಕಳು ಓಡಿ ಬಂದು ಕೈ ಹಿಡಿದರು. ಬಸ್ಸಿನಲ್ಲಿ ಸೀಟು ಕೇಳಲೂ ನಾಚುವ ಹುಡುಗ ಅವನು! ಮಂಡಿಯೂರಿ, ಬೆರಳು ಚಾಚಿ, ಫೋಟೋಕ್ಕೆ ನಿಂತ. ನಿಂತೇ ಇದ್ದ.

ಅಲ್ಲಿ ನಾನು ಅಂಗಡಿಯಿಂದ ಅಂಗಡಿಗೆ 'ಕನ್ನಡದಲ್ಲಿ ಏನಾದರೂ?' ಎಂದು ಕೇಳುತ್ತ ನಡೆದೆ. ಇಂಗ್ಲಿಷ್ ಸಾಲುಸಾಲು. ಹಿಂದಿಯ ನಾಗರಾಜ್, ಸೂಪರ್ ಕಮಾಂಡೋ ಧ್ರುವ 1980ರ ದಶಕದಲ್ಲಿ ಹುಟ್ಟಿದವರು, ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಕನ್ನಡದ್ದು ನನಗೆ ಸಿಗಲಿಲ್ಲ. ಅಂಗಡಿಯವರದೇನು ತಪ್ಪು, ಅಚ್ಚಾದರೆ ತಾನೆ ಇಡುವುದು? ತಮಿಳರನ್ನು ನೋಡಿ. ಶಿವಕಾಶಿಯಿಂದ 1972ರಲ್ಲಿ ಮುತ್ತು ಕಾಮಿಕ್ಸ್ ಬಂತು, 1984ರಲ್ಲಿ ಲಯನ್ ಬಂತು. ಯುರೋಪಿನ ಕತೆಗಳ ಹಕ್ಕು ತಂದು ತಮಿಳಿನಲ್ಲಿ ಇವತ್ತಿಗೂ ಅಚ್ಚು ಮಾಡುತ್ತಾರೆ. ಅಜ್ಜ, ಮೊಮ್ಮಗ ಇಬ್ಬರೂ ಚಂದಾ ಕಟ್ಟಿ ತರಿಸುತ್ತಾರೆ. ಊರಿಗೆ ಊರೇ ಅಚ್ಚುಕೂಟವಾದ ಶಿವಕಾಶಿಯಂಥದ್ದು ನಮಗಿರಲಿಲ್ಲ ಎನ್ನುವುದು ಒಂದು ಕಾರಣ. ಪದ್ಯ ಬರೆದವರಿಗೆ ಒಂದು ಪುಟಕ್ಕೆ ಒಂದು ಚಿತ್ರ ಸಾಕು, ಕಾಮಿಕ್ಸಿಗೆ ಪುಟಕ್ಕೆ ಆರೇಳು ಚಿತ್ರ ಬೇಕು, ಬರೆದವನಿಗೆ ಕೂಲಿ ಕೊಡಬೇಕು ಎನ್ನುವುದು ಇನ್ನೊಂದು. ಮೂರನೆಯದು ನಮ್ಮ ಮೇಲರಿಮೆ. ಗುದ್ದಾಟದ ಚಿತ್ರ ನೋಡಿದರೆ ಹುಡುಗರು ಕೆಡುತ್ತಾರೆ ಎಂದು ಮಾಸ್ತರರೂ ಅಪ್ಪಂದಿರೂ ಒಟ್ಟಾಗಿ ನಂಬಿದ್ದರು. ಭೀಮ ದುಶ್ಯಾಸನನ ಕರುಳು ಬಗೆಯುವ ಆಟವನ್ನು ಬೆಳತನಕ ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ನೋಡಿದ ಅಪ್ಪಂದಿರು!

ಈ ಮಾತು ಸಿಂದಗಿಯಲ್ಲಿ ಇನ್ನೂ ಚುಚ್ಚುತ್ತದೆ. ಸಿಂದಗಿಗೆ ರೈಲಿಲ್ಲ, ಇಂಡಿಯಿಂದ ಬಸ್ಸೇ ಗತಿ. ಕಿಟಕಿಯಾಚೆ ತೊಗರಿ, ಹತ್ತಿ, ಕಣ್ಣು ಹರಿದಷ್ಟೂ ಎರೆಭೂಮಿ. ಮಕ್ಕಳ ಸಾಹಿತ್ಯದ ಮಾತು ಬಂದರೆ ವಿಜಯಪುರ ಜಿಲ್ಲೆಗೆ ಕನ್ನಡದಲ್ಲಿ ಅಗ್ರಪೂಜೆ. ಸಿಸು ಸಂಗಮೇಶ, ಶಂ.ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ, ಸಿಂದಗಿಯ ಹ.ಮ. ಪೂಜಾರ. ಶಾಲೆಯ ಮಾಸ್ತರಿಕೆ ಮಾಡುತ್ತಲೇ ಮಕ್ಕಳಿಗಾಗಿ ಪದ್ಯ, ಕತೆ ಬರೆದ ಪರಂಪರೆ ಇದು. ಕೆಲವರು ಕೈಯಿಂದ ದುಡ್ಡು ಹಾಕಿ ಪ್ರಕಾಶನವನ್ನೂ ನಡೆಸಿದರು. ಇಷ್ಟು ಮಂದಿ ಮಕ್ಕಳಿಗಾಗಿ ಬರೆದ ನೆಲದಲ್ಲಿ ಮುಸುಗು ಹಾಕಿದ ಒಬ್ಬ ವೀರ ಏಕೆ ಹುಟ್ಟಲಿಲ್ಲ? ಪಕ್ಕದಲ್ಲಿ ಒಬ್ಬ ಚಿತ್ರಕಾರ ಇರಲಿಲ್ಲ, ಅಷ್ಟೇ ಅಂತ ನನ್ನ ಅನಿಸಿಕೆ.

ವೀರರಿಗೇನು ಕೊರತೆ ಇಲ್ಲ. ಸಿಂದಗಿ ಸೀಮೆಯ ಒಂದು ಜಾತ್ರೆಯಲ್ಲಿ ಕಲ್ಲು ಎತ್ತುವುದನ್ನು ಕಂಡೆ. ಗುಡಿಯ ಮುಂದಿನ ಬಯಲಲ್ಲಿ ದುಂಡನೆಯ ಕಲ್ಲು, ಹಿಡಿಯಲು ಮೂಲೆಯೇ ಇಲ್ಲದ್ದು. ಇಪ್ಪತ್ತರ ಆಚೀಚಿನ ಹುಡುಗ, ನೋಡಿದರೆ ಹಾಲು ಹಾಕುವವನ ಹಾಗೆ ಸಾದಾ. ಅಂಗಿ ಬಿಚ್ಚಿ, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡ. ಕಲ್ಲನ್ನು ತಬ್ಬಿದ. ಮೊದಲು ಅದು ನೆಲ ಬಿಡಲಿಲ್ಲ. ಹಲಗಿಯವರು ಬಡಿತ ಬದಲಿಸಿದರು. ಎರಡನೇ ಸಲಕ್ಕೆ ಕಲ್ಲು ಮೊಣಕಾಲಿಗೆ ಬಂತು. ಅಲ್ಲಿ ಅದನ್ನು ತೊಡೆಯ ಮೇಲೆ ಹೊರಳಿಸಿ ಒಂದು ಉಸಿರು. ಕಾಲ ಹೆಬ್ಬೆರಳು ಮಣ್ಣಿನೊಳಗೆ ಹೂತು ಹೋದದ್ದು ಕಂಡೆ. ಅಲ್ಲಿಂದ ಹೊಟ್ಟೆಗೆ, ಎದೆಗೆ, ಒಂದು ಕ್ಷಣ ಗದ್ದಕ್ಕೆ ತಾಗಿ ನಿಂತು, ಹೆಗಲಿಗೆ. ಬೆನ್ನ ಹಿಂದೆ ಬಿಟ್ಟಾಗ ನೆಲ ಧಡ್ ಅಂದದ್ದು ನನ್ನ ಚಪ್ಪಲಿಗೆ ತಿಳಿಯಿತು. ಮಂದಿ ಸಿಳ್ಳು ಹಾಕಿ ಗುಲಾಲು ತೂರಿದರು. ಗೆಳೆಯರು ಹೆಗಲ ಮೇಲೆ ಹೊತ್ತರು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಅದೇ ವೀರ ಅಂಗಿ ಹಾಕಿಕೊಂಡು ಭಜಿ ಅಂಗಡಿಯ ಮುಂದೆ ಅವ್ವನ ಕೈಚೀಲ ಹಿಡಿದು ನಿಂತಿದ್ದಾನೆ. ಸೂಪರ್‌ಮ್ಯಾನ್ ಮತ್ತೆ ಕ್ಲಾರ್ಕ್ ಕೆಂಟ್ ಆಗಿ ಕನ್ನಡಕ ಹಾಕಿಕೊಂಡ ಹಾಗೇ ಲೆಕ್ಕ. ಇಂಥ ಹುಡುಗರು ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಸಂಕ್ರಾಂತಿಗೆ ಹೋಗಿ ಭಾರ ಎತ್ತುತ್ತಾರೆ, ಕುಸ್ತಿ ಹಿಡಿಯುತ್ತಾರೆ. ಅಭಿಮಾನಿಗಳ ಸಮ್ಮೇಳನ ಬೇಕಾದವರು ಅಮೆರಿಕದ ಸ್ಯಾನ್ ಡಿಯಾಗೋದ ಕಾಮಿಕ್ ಕಾನ್‌ಗೇ ಹೋಗಬೇಕೆಂದಿಲ್ಲ. ಅಲ್ಲಿ ಶುರುವಾದದ್ದು 1970ರಲ್ಲಿ, ನಮ್ಮ ಜಾತ್ರೆ ಯಾವ ಕಾಲದ್ದೋ.

ಬಸವನಬಾಗೇವಾಡಿಯಲ್ಲಿ ನಾನು ಹೇಳಿಬಂದಂತೆ ಗುಡಿಗೆ ಹೋದೆ. ಶ್ರಾವಣದ ಮೂಲ ನಂದೀಶ್ವರ ಜಾತ್ರೆಗೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನು ಹೋದದ್ದು ಬೇರೆ ದಿನ, ಆರಾಮಾಗಿ ಕೂತೆ. ಕಾಮಿಕ್ಸಿನವರಿಗೆ ಆಸೆಯಾಗುವುದು ಸಹಜ: ಬಸವಣ್ಣನವರನ್ನೂ ಮಹಾಶಕ್ತಿಯ ನಾಯಕನಾಗಿ ಬರೆದರೆ ಹೇಗೆ? ಬೇಡ ಅಂತ ನನ್ನ ಮತ. ಭೀಮಕವಿ 1369ರಲ್ಲಿ ಬರೆದ ಬಸವಪುರಾಣದಲ್ಲಿ ಪವಾಡಗಳ ಸುರಿಮಳೆಯೇ ಇದೆ, ಆ ಕಾಲಕ್ಕೆ ಅದು ಬೇಕಿತ್ತು. ಆದರೆ ವಚನ ಬರೆದವರು ಹಾರಾಡುವ ಮಾತಾಡಿದವರಲ್ಲ, ದುಡಿಯುವ ಮಾತಾಡಿದವರು. ಅವರಿಗೆ ಬೆನ್ನಿಗೆ ಬಟ್ಟೆ ಕಟ್ಟುವುದು ಅವರನ್ನು ಕುಗ್ಗಿಸಿದಂತೆ. ಅವರ ಹೆಸರಿನ ಬಸವ ಎಕ್ಸ್‌ಪ್ರೆಸ್ಸು ಮೈಸೂರಿನಿಂದ ಬಾಗಲಕೋಟೆಗೆ ಇಡೀ ಕರ್ನಾಟಕ ಸುತ್ತಿ, ಮಹಾರಾಷ್ಟ್ರವನ್ನೂ ಮುಟ್ಟಿ ಬರುತ್ತದಲ್ಲ, ಆ ತಾಳ್ಮೆ ಅವರ ಹೆಸರಿಗೆ ಸರಿ ಹೊಂದುತ್ತದೆ.

ನನಗೆ ಬೇಕಾದದ್ದು ಗುಡಿಯಲ್ಲಲ್ಲ, ತಾಲೂಕಿನ ಒಂದು ಹಳ್ಳಿಯ ಅಗಸಿಯ ಹತ್ತಿರ, ಹನಮಪ್ಪನ ಗುಡಿಯ ಮಗ್ಗುಲಲ್ಲಿ ಇತ್ತು. ಅರ್ಧ ಹೂತ ವೀರಗಲ್ಲು. ಎಣ್ಣೆ, ಕುಂಕುಮ ಬಿದ್ದು ಕಪ್ಪಾಗಿತ್ತು. ಹಿರಿಯರೊಬ್ಬರು ಟವೆಲ್ಲಿನಿಂದ ಧೂಳು ಒರಸಿಕೊಟ್ಟರು. ಮೂರು ಅಂಕಣ, ಒಂದರ ಮೇಲೊಂದು. ಕೆಳಗಿನದರಲ್ಲಿ ಜಗಳ: ಓಡುವ ದನ, ಎದುರಿಗೆ ನಾಲ್ಕಾರು ಮಂದಿ, ನಡುವೆ ಕತ್ತಿ ಗುರಾಣಿ ಹಿಡಿದ ನಮ್ಮವನು. ಎಲ್ಲರಿಗಿಂತ ಅವನೇ ಎತ್ತರ. ಕೆತ್ತಿದವನಿಗೆ ಅಳತೆ ಗೊತ್ತಿರಲಿಲ್ಲವೆಂದಲ್ಲ, ನಾಯಕ ಯಾರೆಂದು ಗೊತ್ತಿತ್ತು. ನಡುವಿನ ಅಂಕಣದಲ್ಲಿ ಅದೇ ಮನುಷ್ಯ, ಅದೇ ತುರುಬು, ಎರಡೂ ಬದಿಗೆ ಚಾಮರ ಹಿಡಿದ ಅಪ್ಸರೆಯರು. ಅವನ ಕಾಲು ನೆಲದ ಮೇಲಿಲ್ಲ. ಹಾರುತ್ತಿದ್ದಾನೆ! ಮೇಲಿನದರಲ್ಲಿ ಲಿಂಗದ ಮುಂದೆ ಕೂತಿದ್ದಾನೆ, ಪಕ್ಕದಲ್ಲಿ ನಂದಿ, ತುದಿಗೆ ಸೂರ್ಯ ಚಂದ್ರ. ಶಾಸನವಿರುವ ವೀರಗಲ್ಲುಗಳಲ್ಲಿ ಅಂಕಣಗಳ ನಡುವಿನ ಪಟ್ಟಿಯಲ್ಲಿ ಯಾರು, ಯಾವ ಊರು, ಯಾರ ದನ ಬಿಡಿಸಲು ಸತ್ತ ಎಂದು ಅಕ್ಷರ ಇರುತ್ತದೆ. ಕಾಮಿಕ್ಸಿನಲ್ಲಿ ಚೌಕದ ತಲೆಯ ಮೇಲೆ ಬರೆಯುವುದೂ ಅಷ್ಟೇ. ಒಂದೇ ವ್ಯತ್ಯಾಸ, ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸ್ವರ್ಗ ಮೇಲಿರುವಾಗ ಬೇರೆ ದಾರಿಯೂ ಇಲ್ಲ. ಬೆರಳಿಟ್ಟು ಓದಿದೆ, ಮತ್ತೆ ಓದಿದೆ. ಬಿಸಿಲು ನೆತ್ತಿಗೆ ಬಂದದ್ದೂ ತಿಳಿಯಲಿಲ್ಲ.

ಹಿರಿಯರು ಕೇಳಿದರು: "ಏನೈತ್ರೀ ಅದರಾಗ ಅಷ್ಟ ನೋಡೂವಂಥಾದ್ದು?"

"ದನಾ ಬಿಡಿಸ್ಕೊಂಡು ಬಂದಾವನ ಕತಿ ರೀ."

"ಹಂಗಾರ ನಮ್ಮಾಂವನ ಬಿಡ್ರಿ" ಅಂದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

ಮುದ್ದೇಬಿಹಾಳಕ್ಕೂ ರೈಲಿಲ್ಲ. ಆದರೆ ಲೀ ಫಾಕ್‌ನ ಕಾಲಗಣನೆ ಇಟ್ಟುಕೊಂಡು ನೋಡಿದರೆ ನಾಲ್ಕೂ ಊರಿನಲ್ಲಿ ಫ್ಯಾಂಟಮ್‌ಗೆ ಹತ್ತಿರದ್ದು ಇದೇ. 1936ರ ಫೆಬ್ರವರಿಯಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಶುರುವಾದ ಆ ಕತೆಯ ಪ್ರಕಾರ, ಮೊದಲನೇ ಫ್ಯಾಂಟಮ್ ಅಪ್ಪನನ್ನು ಕೊಂದವನ ತಲೆಬುರುಡೆ ಹಿಡಿದು ಆಣೆ ಮಾಡಿದ್ದು 1536ರಲ್ಲಿ. ಆಗ ವಿಜಯಪುರದ ಗಾದಿಯ ಮೇಲೆ ಮೊದಲನೇ ಇಬ್ರಾಹಿಂ ಆದಿಲ್‌ಶಾಹ, ಹಂಪಿಯಲ್ಲಿ ಅಚ್ಯುತರಾಯ. ಗೋಳಗುಮ್ಮಟ ಏಳಲು ಇನ್ನೂ ನೂರು ವರ್ಷದ ಮೇಲೆ ಬಾಕಿ. ಆಣೆಯಾಗಿ 29 ವರ್ಷಕ್ಕೆ, 1565ರ ಜನವರಿಯಲ್ಲಿ, ವಿಜಯನಗರ ಬಿತ್ತು. ಆ ಯುದ್ಧಕ್ಕೆ ಹೆಸರು ಕೊಟ್ಟ ರಕ್ಕಸಗಿ, ತಂಗಡಗಿ ಎರಡೂ ಇದೇ ತಾಲೂಕಿನ ಹಳ್ಳಿಗಳು. ತಂಗಡಗಿಯಲ್ಲಿ ಈಗ ಹಡಪದ ಅಪ್ಪಣ್ಣನವರ ಪೀಠವಿದೆ, ಕೃಷ್ಣೆ ಅಗಲವಾಗಿ ಹರಿಯುತ್ತಾಳೆ, ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತಾರೆ. ಯುದ್ಧದ ಕುರುಹು ಹುಡುಕಿದರೆ ಕಬ್ಬು ಕಾಣುತ್ತದೆ. ಫ್ಯಾಂಟಮ್ ಸಾಯುವುದಿಲ್ಲ ಅಂತ ಡೆಂಕಾಲಿಯ ಕಾಡಿನವರು ನಂಬುತ್ತಾರೆ. ಅಪ್ಪನ ಮುಸುಗನ್ನು ಮಗ ಹಾಕಿಕೊಳ್ಳುವುದು ಓದುಗರಿಗೆ ಮಾತ್ರ ಗೊತ್ತಿರುವ ಗುಟ್ಟು. ಹೊಳೆಯ ದಂಡೆಯಲ್ಲಿ ನಿಂತು ನಾನು ಹೀಗೆ ಎರಡು ಇತಿಹಾಸವನ್ನು, ಒಂದು ನಿಜ, ಒಂದು ಸುಳ್ಳು, ಹೊಲಿದುಕೊಳ್ಳುತ್ತಿದ್ದೆ. ಹುಡುಗನಿದ್ದಾಗಿನ ಚಟ.

ಮುದ್ದೇಬಿಹಾಳದಲ್ಲಿ ನಿವೃತ್ತ ಮಾಸ್ತರರೊಬ್ಬರ ಮನೆಯ ವಿಳಾಸ ಕೈಗೆ ಸಿಕ್ಕಿತ್ತು. "ಬಾ ತಮ್ಮಾ, ಮೊದಲ ಚಾ ಕುಡಿ" ಅಂದರು. ಪುಸ್ತಕದ ಸುದ್ದಿ ಎತ್ತಲಿಲ್ಲ. ಯಾವ ಊರು, ಯಾರ ಪೈಕಿ, ಮಳೆ ಹೆಂಗ ಎಲ್ಲ ಮುಗಿದ ಮೇಲೆ ಒಳಗಿಂದ ಹಸಿರು ತಗಡಿನ ಟ್ರಂಕು ಎಳೆಸಿದರು. ಮುಚ್ಚಳ ತೆಗೆದರೆ ನುಸಿಗುಳಿಗೆಯ ವಾಸನೆ, ಬೇವಿನ ಎಲೆ, ಅದರಡಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ದಪ್ಪ ದಪ್ಪ ಪುಸ್ತಕ. ಅಂಗಡಿಯಲ್ಲಿ ಮಾರಿದ ಪುಸ್ತಕಗಳಲ್ಲ. 'ಸುಧಾ' ವಾರಪತ್ರಿಕೆಯಲ್ಲಿ ಬರುತ್ತಿದ್ದ ಫ್ಯಾಂಟಮ್ ಪುಟವನ್ನು ವಾರವಾರ ಕತ್ತರಿಸಿ, ಕತೆ ಮುಗಿದ ಮೇಲೆ ದಬ್ಬಣದಿಂದ ಚುಚ್ಚಿ ದಾರದಲ್ಲಿ ಹೊಲಿದಿದ್ದರು. ರಟ್ಟಿಗೆ ನೋಟುಬುಕ್ಕಿನ ಕವರು, ಅಂಟಿಗೆ ಮೈದಾಹಿಟ್ಟು. ಮೇಲೆ ಮಾಸ್ತರರ ದುಂಡನೆಯ ಅಕ್ಷರದಲ್ಲಿ ಕತೆಯ ಹೆಸರು, ಕೆಳಗೆ ತಾರೀಖು. ನಡುವೆ ಒಂದು ಕಡೆ ಪುಟದ ಬದಲು ಬಿಳಿ ಹಾಳೆ. ಅದರಲ್ಲಿ ಪೆನ್ಸಿಲಿನಿಂದ ನಾಲ್ಕು ಚೌಕ ಹಾಕಿ, ಆ ವಾರ ಏನಾಗಿರಬಹುದೆಂದು ಅವರೇ ಚಿತ್ರ ಬರೆದಿದ್ದರು.

"ಆ ವಾರದ್ದು ಪೇಪರ ಬಂದಿರಲಿಲ್ಲ" ಅಂದರು. "ಮಳಿಗೆ ಬಸ್ಸು ನಿಂತಿತ್ತು. ಹುಡುಗರು ಬಿಡ್ತಾರೇನು? ಮುಂದ ಏನಾತ್ರಿ ಸರ, ಏನಾತ್ರಿ ಸರ ಅಂತ ಕುಂತ್ವು. ನಾನ ಬರದೆ."

ಶನಿವಾರ ಕೊನೆಯ ತಾಸಿಗೆ ಅವರು ಈ ಪುಸ್ತಕ ಹಿಡಿದು ಕ್ಲಾಸಿನಲ್ಲಿ ಓದುತ್ತಿದ್ದರಂತೆ. ಚಿತ್ರವನ್ನು ಹುಡುಗರ ಕಡೆ ತಿರುಗಿಸಿ ಹಿಡಿದು, ಮಾತನ್ನು ನೆನಪಿನಿಂದ ಹೇಳುತ್ತಿದ್ದರಂತೆ. ಓದು ಕಲಿಯದ ಹುಡುಗರು ಗುಳ್ಳೆಯೊಳಗಿನ ಅಕ್ಷರದ ಆಸೆಗೆ ಓದು ಕಲಿತರು ಎಂದರು. ಹೊಗಳಿಕೆಗೆ ಹೇಳಿದ್ದಲ್ಲ, ಹಾಜರಿ ಕೂಗಿದ ದನಿ. ಪೆನ್ಸಿಲಿನ ಆ ನಾಲ್ಕು ಚೌಕವನ್ನು ನಾನು ಮತ್ತೆ ತೆಗೆದು ನೋಡಿದೆ. ಫ್ಯಾಂಟಮ್‌ನ ಕುದುರೆ ಸ್ವಲ್ಪ ಎತ್ತಿನ ಹಾಗಿತ್ತು. ದೂರದ ಗುಡ್ಡ ಡೆಂಕಾಲಿಯದಲ್ಲ, ಆಲಮಟ್ಟಿ ಕಡೆಯದು. ಕನ್ನಡದ ಸೂಪರ್‌ಹೀರೋ ಕಾಮಿಕ್ಸು ಹುಡುಕಿ ಹೊರಟವನಿಗೆ ನಾಲ್ಕು ಚೌಕದ ಒಂದು ಪುಟವಾದರೂ ಸಿಕ್ಕಿತಲ್ಲ ಎಂದು ಮೈ ಜುಮ್ಮೆಂದಿತು. ಟ್ರಂಕನ್ನು ನನಗೆ ಕೊಡಿ ಅಂತ ಕೇಳಲಿಲ್ಲ. ಮೊಬೈಲಿನಲ್ಲಿ ಪುಟಪುಟದ ಫೋಟೋ ತೆಗೆದುಕೊಳ್ಳಲು ಒಪ್ಪಿಗೆ ಕೇಳಿದೆ. ಕಿಟಕಿಯ ಬೆಳಕಿಗೆ ಅವರೇ ಪುಟ ತಿರುವಿಕೊಟ್ಟರು.

ಇದನ್ನು ಓದುವವರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯ ಅಟ್ಟದ ಮೇಲೆ, ತವರಿನ ಟ್ರಂಕಿನಲ್ಲಿ, ಮುಚ್ಚಿದ ಶಾಲೆಯ ಕಪಾಟಿನಲ್ಲಿ ಕನ್ನಡದ ಇಂದ್ರಜಾಲ ಕಾಮಿಕ್ಸೋ, ಹಳೇ ಅಮರ ಚಿತ್ರಕಥೆಯೋ, ವಾರಪತ್ರಿಕೆಯಿಂದ ಕತ್ತರಿಸಿ ಹೊಲಿದ ಚಿತ್ರಕಥೆಯೋ ಇದ್ದರೆ ರದ್ದಿಗೆ ಹಾಕಬೇಡಿ. ಮುಖಪುಟ ಇಲ್ಲದಿದ್ದರೂ, ಗೆದ್ದಲು ತಿಂದಿದ್ದರೂ ಬೇಡ. ತುಕ್ಕು ಹಿಡಿದ ಪಿನ್ನು ಮೆಲ್ಲಗೆ ತೆಗೆದು, ಹಾಳೆಗಳನ್ನು ಕ್ರಮವಾಗಿ ಜೋಡಿಸಿ, ಬಿಸಿಲಿಲ್ಲದ ಬೆಳಕಿನಲ್ಲಿ ಒಂದೊಂದೇ ಪುಟದ ಫೋಟೋ ತೆಗೆದಿಡಿ. ಅಷ್ಟಾದ ಮೇಲೆ ಪುಸ್ತಕವನ್ನು ನಿಮ್ಮ ತಾಲೂಕಿನ ಗ್ರಂಥಾಲಯಕ್ಕೆ ಬರೆದು ಕೊಟ್ಟು, ಸ್ವೀಕರಿಸಿದ ಚೀಟಿ ಇಸಿದುಕೊಳ್ಳಿ.